ರೈಲು ನಕ್ಷೆಗೂ ಪಾಠಶೋಧನೆ ಬೇಕು

ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಯೆಂದು ಹೆಸರಿಸುವ ನಾಲ್ಕು ಊರುಗಳು ಕನ್ನಡ ಸಾಹಿತ್ಯದ ಯಾವ ವಿದ್ಯಾರ್ಥಿಗೂ ಹೊಸವಲ್ಲ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇವು ಕ್ರಮವಾಗಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇಂದಿನ ಕರ್ನಾಟಕದ ನಕ್ಷೆಯಲ್ಲಿ ಈ ನಾಲ್ಕನ್ನೂ ಸುತ್ತುವರಿದು ಒಂದು ಗೆರೆ ಎಳೆಯುವುದು ಕಷ್ಟವೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳ ಅಟ್ಲಾಸಿನಲ್ಲಿ ಅದೇ ಗೆರೆಯನ್ನು ಎಳೆದರೆ ಅದು ಮೂರು ಆಳ್ವಿಕೆಗಳನ್ನು ಹಾದುಹೋಗುತ್ತದೆ. ಪಟ್ಟದಕಲ್ಲು ಮತ್ತು ಒಕ್ಕುಂದ ಮುಂಬಯಿ ಪ್ರಾಂತಕ್ಕೆ ಸೇರಿದವು. ಕೊಪ್ಪಳ ಹೈದರಾಬಾದಿನ ನಿಜಾಮನ ಸೀಮೆಯದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಮೈಸೂರು ಸಂಸ್ಥಾನದ ಎಲ್ಲೆಯೊಳಗೆ ಈ ನಾಲ್ಕರಲ್ಲಿ ಒಂದೂ ಬರುವುದಿಲ್ಲ.

ಕೆ. ಬಿ. ಪಾಠಕರು ಕವಿರಾಜಮಾರ್ಗವನ್ನು ಸಂಪಾದಿಸಿ ಅಚ್ಚಿಗೆ ಕೊಟ್ಟದ್ದು 1898ರಲ್ಲಿ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ್ದೆಂದು ಹೇಳುವ ಗ್ರಂಥವು ಮುದ್ರಣರೂಪದಲ್ಲಿ ಮೊದಲ ಓದುಗರ ಕೈಸೇರಿದಾಗ, ಅಂತಹ ನಾಡೊಂದನ್ನು ತೋರಿಸುವ ಆಡಳಿತ ನಕ್ಷೆ ಇರಲಿಲ್ಲ. ಆ ಓದುಗರ ಎದುರಿದ್ದ ನಕ್ಷೆಯನ್ನು ಬಲ್ಲವರಿಗೆ ಮಾತ್ರ ಆ ಮುದ್ರಣದ ತೂಕ ತಿಳಿದೀತು. ಕನ್ನಡದ ಸಾಹಿತ್ಯಾಧ್ಯಯನವಾದರೋ ಪಠ್ಯದ ಪ್ರತಿಯೊಂದು ಅಕ್ಷರವನ್ನೂ ಪರೀಕ್ಷಿಸುತ್ತದೆ. ನಕ್ಷೆಯನ್ನು ಮಾತ್ರ ಪರೀಕ್ಷೆಯಿಲ್ಲದೆ ಒಪ್ಪಿಕೊಳ್ಳುತ್ತದೆ, ಇಲ್ಲವೇ ಗೋಡೆಗೆ ತೂಗುಹಾಕುವ ಅಲಂಕಾರವೆಂದು ಬಿಟ್ಟುಬಿಡುತ್ತದೆ. ಈ ಎರಡೂ ತಪ್ಪು. ಆ ಕಾಲದ ನಕ್ಷೆಗಳು, ವಿಶೇಷವಾಗಿ ರೈಲು ನಕ್ಷೆಗಳು, ಓಲೆಗರಿಯ ಹಸ್ತಪ್ರತಿಯಷ್ಟೇ ಎಚ್ಚರದಿಂದ ಓದಬೇಕಾದ ಪಠ್ಯಗಳು.

ನಕ್ಷೆಗೂ ಹಸ್ತಪ್ರತಿಗೂ ಇರುವ ನಂಟು ಹೊಸದಾಗಿ ಕಲ್ಪಿಸಿದ್ದಲ್ಲ. ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಯ ಮೋಜಣಿಯನ್ನು ನಡೆಸಿದ ಕಾಲಿನ್ ಮೆಕೆಂಝಿ ನೆಲವನ್ನು ಅಳೆಯುತ್ತಲೇ ಶಾಸನಗಳ ನಕಲುಗಳನ್ನೂ ಕೈಫಿಯತ್ತುಗಳನ್ನೂ ಓಲೆಗರಿಯ ಕಟ್ಟುಗಳನ್ನೂ ಕೂಡಿಹಾಕಿದನು. 1815ರಲ್ಲಿ ಅವನು ಭಾರತದ ಮೊದಲ ಸರ್ವೇಯರ್ ಜನರಲ್ ಆದನು. ಮರುವರ್ಷ ಥಾಮಸ್ ಹಿಕಿ ಬರೆದ ಅವನ ಚಿತ್ರದಲ್ಲಿ ಜೈನ ಪಂಡಿತ ಧರ್ಮಯ್ಯ ಮತ್ತು ಕಾವಲಿ ವೆಂಕಟ ಲಕ್ಷ್ಮಯ್ಯ ಜೊತೆಗಿದ್ದಾರೆ. ಸೇವಕನೊಬ್ಬನ ಕೈಯಲ್ಲಿ ದೂರದರ್ಶಕವಿದೆ. ದೂರದಲ್ಲಿ ಗೊಮ್ಮಟನ ವಿಗ್ರಹ ನಿಂತಿದೆ. ಪಂಡಿತನ ವಿದ್ಯೆ ಮತ್ತು ಮೋಜಣಿಯ ಉಪಕರಣ ಒಂದೇ ಚೌಕಟ್ಟಿನೊಳಗೆ ಇದ್ದ ಕಾಲ ಅದು. ಮುಂದೆ ನಕ್ಷೆಗಳು ಸರ್ವೇ ಇಲಾಖೆಗೂ ಓಲೆಗರಿಗಳು ಗ್ರಂಥಭಂಡಾರಗಳಿಗೂ ಹೋದವು. ಒಂದರ ವಿದ್ಯಾರ್ಥಿ ಇನ್ನೊಂದರ ಕಡೆ ತಿರುಗಿ ನೋಡದಿರುವ ರೂಢಿ ಬೆಳೆದದ್ದು ಈ ಅಗಲಿಕೆಯ ನಂತರ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಕ್ಷೆಯ ಸ್ವರೂಪವೇ ಬದಲಾಯಿತು. ಮದರಾಸಿನ ಕಡೆಯ ಹಳಿ 1864ರಲ್ಲಿ ಬೆಂಗಳೂರಿಗೆ ಬಂತು. 1871ರಲ್ಲಿ ಮುಂಬಯಿಯ ಮತ್ತು ಮದರಾಸಿನ ಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ನಡೆಯಿತು. 1876–78ರ ಘೋರ ಕ್ಷಾಮದ ನಂತರ ಧಾನ್ಯವನ್ನು ಒಳನಾಡಿಗೆ ಸಾಗಿಸುವ ಉದ್ದೇಶವೂ ಸೇರಿ ಸದರ್ನ್ ಮರಾಠಾ ರೈಲ್ವೆ ರೂಪುಗೊಂಡು, 1880ರ ದಶಕದಲ್ಲಿ ಹೊಟಗಿ, ವಿಜಾಪುರ, ಬಾದಾಮಿ, ಗದಗ, ಹುಬ್ಬಳ್ಳಿ, ಬಳ್ಳಾರಿಗಳನ್ನು ಹೆಣೆಯಿತು. ಹೀಗೆ ಹಳಿಗಳು ಹಬ್ಬಿದಂತೆ ನಕ್ಷೆಗಳಿಗೆ ಬೇಡಿಕೆಯೂ ಹೆಚ್ಚಿತು. ಕಲ್ಕತ್ತೆಯ ನ್ಯೂಮನ್ ಸಂಸ್ಥೆಯ ಬ್ರಾಡ್‌ಶಾ ಕೈಪಿಡಿ ಪ್ರಯಾಣಿಕರಿಗೆ ವೇಳಾಪಟ್ಟಿ ಒದಗಿಸಿತು. ಬಾರ್ತಲೋಮ್ಯೂ ನಿರ್ದೇಶನದಲ್ಲಿ ಅರುವತ್ತು ನಕ್ಷೆ ಮತ್ತು ಯೋಜನಾಚಿತ್ರಗಳುಳ್ಳ ಕಾನ್‌ಸ್ಟೇಬಲ್ ಕೈಅಟ್ಲಾಸು 1893ರಲ್ಲಿ ಹೊರಬಂತು. ಸರ್ವೇ ಇಲಾಖೆಯ ಹಳೆಯ ಅಚ್ಚುತಗಡುಗಳ ಮೇಲೆಯೂ ಹೊಸ ಹಳಿಗಳನ್ನು ಕೊರೆದು ಮರುಮುದ್ರಿಸಲಾಯಿತು.

ಕಡೆಯದಾಗಿ ಹೇಳಿದ ಸಂಗತಿಯೇ ಸಂಶೋಧಕನಿಗೆ ಮುಖ್ಯ. ಒಂದು ಅಂಗುಲಕ್ಕೆ ನಾಲ್ಕು ಮೈಲಿಯ ಪ್ರಮಾಣದ ಭಾರತದ ಅಟ್ಲಾಸಿನ ಹಾಳೆಗಳು ಈ ಬಗೆಯವು. ಅಂತಹ ಹಾಳೆಯೊಂದರಲ್ಲಿ ಬೆಟ್ಟ, ಹೊಳೆ, ಊರುಗಳು ಒಂದು ಕಾಲದ ಮೋಜಣಿಯವು. ಹಳಿಗಳು ಹಲವು ದಶಕಗಳ ನಂತರದವು. ಹಾಳೆಯ ಅಂಚಿನಲ್ಲಿ ಒಂದು ಇಸವಿ ಇದ್ದ ಮಾತ್ರಕ್ಕೆ ಹಾಳೆಯ ಎಲ್ಲ ವಿವರಗಳೂ ಆ ಇಸವಿಯವೆಂದು ತಿಳಿಯಲಾಗದು. ಹಳೆಯ ಕಾವ್ಯದ ನಡುವೆ ನಂತರದವರು ಸೇರಿಸಿದ ಪದ್ಯಗಳನ್ನು ಪ್ರಕ್ಷಿಪ್ತವೆಂದು ಬೇರ್ಪಡಿಸುವ ಸಂಪಾದಕನಿಗೆ ಈ ಸ್ಥಿತಿ ಪರಿಚಿತವಾದದ್ದೇ. ಪದರಗಳನ್ನು ಬಿಡಿಸದೆ ನಕ್ಷೆಯನ್ನು ಸಾಕ್ಷಿಗೆ ಕರೆಯುವವನು, ಎರಡು ಕಾಲದ ಹೇಳಿಕೆಗಳನ್ನು ಒಬ್ಬನೇ ಸಾಕ್ಷಿಯ ಬಾಯಲ್ಲಿ ಹಾಕುತ್ತಾನೆ.

ಕಾಲನಿರ್ಣಯದ ವಿಷಯದಲ್ಲಿಯೂ ಸಾದೃಶ್ಯ ಗಟ್ಟಿಯಾಗಿದೆ. ಮುದ್ರಣದ ವರ್ಷವಿಲ್ಲದ ಮೈಸೂರು ಸಂಸ್ಥಾನದ ನಕ್ಷೆಯೊಂದು ದೊರೆತಿದೆಯೆಂದು ಭಾವಿಸಬಹುದು. ಬೆಂಗಳೂರಿನಿಂದ ಮೈಸೂರಿಗೆ ಹಳಿ ಪೂರ್ಣವಾದದ್ದು 1882ರಲ್ಲಿ. ತುಮಕೂರಿನ ಕಡೆಗೆ ರೈಲು ತೆರೆದದ್ದು 1884ರಲ್ಲಿ. ಅದು ಹರಿಹರದವರೆಗೆ ಮುಂದುವರಿದದ್ದು 1889ರಲ್ಲಿ. ನಂಜನಗೂಡಿಗೆ 1891ರಲ್ಲಿ, ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಬಂತು. ನಕ್ಷೆಯಲ್ಲಿ ನಂಜನಗೂಡಿನ ಹಳಿಯು ತೆರೆದ ಮಾರ್ಗದ ಗುರುತಿನಿಂದಲೇ ಇದ್ದರೆ ಆ ಮುದ್ರಣ 1891ಕ್ಕಿಂತ ಹಿಂದಿನದಾಗಲಾರದು. ಆದರೆ ಶಿವಮೊಗ್ಗದ ಹಳಿ ಇಲ್ಲವೆಂಬ ಕಾರಣಕ್ಕೆ ಅದು 1899ಕ್ಕಿಂತ ಹಿಂದಿನದೆಂದು ಹೇಳಬರುವುದಿಲ್ಲ. ಪ್ರಕಾಶಕನು ಹಳೆಯ ಅಚ್ಚನ್ನೇ ತಿದ್ದದೆ ಮರುಮುದ್ರಿಸಿರಬಹುದು. ಒಬ್ಬ ಕವಿಯು ಪೂರ್ವಕವಿಯನ್ನು ಸ್ಮರಿಸಿದರೆ ಅವನ ಕಾಲದ ಹಿಂದಿನ ಎಲ್ಲೆ ಸಿಗುತ್ತದೆ; ಸ್ಮರಿಸದಿದ್ದರೆ ಯಾವ ಎಲ್ಲೆಯೂ ಸಿಗುವುದಿಲ್ಲ. ಕಾವ್ಯಕ್ಕೆ ಒಪ್ಪುವ ಈ ನಿಯಮವನ್ನು ನಕ್ಷೆಗೆ ಒಪ್ಪದಿರಲು ಕಾರಣವಿಲ್ಲ. ಇನ್ನೂ ಒಂದು ಎಚ್ಚರವುಂಟು. ನಿರ್ಮಾಣದಲ್ಲಿದ್ದ ಮಾರ್ಗ, ಬರಿಯ ಪ್ರಸ್ತಾವದಲ್ಲಿದ್ದ ಮಾರ್ಗ ಇವನ್ನು ಮುರಿದ ಗೆರೆಗಳಿಂದಲೋ ಬೇರೆ ಗುರುತಿನಿಂದಲೋ ತೋರಿಸುವ ಪದ್ಧತಿಯಿತ್ತು. ಸೂಚಿಯನ್ನು ನೋಡದೆ ಮುರಿದ ಗೆರೆಯ ಮೇಲೆ ರೈಲು ಓಡಿಸುವ ಸಂಶೋಧಕನು ಇರದ ದಾರಿಯಲ್ಲಿ ಪ್ರಯಾಣ ಮಾಡುತ್ತಾನೆ.

ಊರಹೆಸರುಗಳ ಪಾಠಾಂತರವೂ ಸಾಮಾನ್ಯವಾದುದಲ್ಲ. ಈ ನಕ್ಷೆಗಳ ಹೆಸರುಗಳು ರೋಮನ್ ಲಿಪಿಯಲ್ಲಿ ಇವೆ. ಅಕ್ಷರದ ಮೇಲೆ ಕೆಳಗೆ ಹಾಕಬೇಕಾದ ಗುರುತುಗಳು ಬಿಟ್ಟುಹೋದಲ್ಲಿ ಲಕಾರ ಳಕಾರಗಳು, ದಕಾರ ಡಕಾರಗಳು, ನಕಾರ ಣಕಾರಗಳು, ಹ್ರಸ್ವ ದೀರ್ಘಗಳು ಒಂದರೊಳಗೊಂದು ಅಡಗಿಬಿಡುತ್ತವೆ. ಸ್ಥಳನಾಮದ ವ್ಯುತ್ಪತ್ತಿಯನ್ನು ಹುಡುಕುವವನಿಗೆ ಈ ಭೇದಗಳೇ ಜೀವಾಳ. ಸೀಮೆಗೊಬ್ಬ ಮೋಜಣಿದಾರ, ಅವನ ಪಕ್ಕದಲ್ಲಿ ಮರಾಠಿಯನ್ನೋ ತೆಲುಗನ್ನೋ ಉರ್ದುವನ್ನೋ ಬಲ್ಲ ಗುಮಾಸ್ತ, ದೂರದಲ್ಲಿ ಹೆಸರನ್ನು ಎಂದೂ ಕಿವಿಯಾರೆ ಕೇಳದ ಅಚ್ಚುಕೊರೆಯುವವ ಎಂಬ ಮೂವರ ಕೈ ದಾಟಿ ಊರಿನ ಹೆಸರು ಹಾಳೆಯನ್ನು ಸೇರುತ್ತಿತ್ತು. ಓಲೆಗರಿಯ ಲಿಪಿಕಾರನ ಸ್ಖಾಲಿತ್ಯಗಳನ್ನು ವರ್ಗೀಕರಿಸುವಂತೆ ಇಲ್ಲಿಯೂ ಕಿವಿಯ ತಪ್ಪು ಯಾವುದು, ಕಣ್ಣಿನ ತಪ್ಪು ಯಾವುದು ಎಂದು ವಿಂಗಡಿಸಬೇಕು. ಹಾಗೆ ಮಾಡದೆ ನಕ್ಷೆಯ ರೂಪವನ್ನು ‘ಹಳೆಯ ರೂಪ’ವೆಂದು ಉದ್ಧರಿಸುವುದರಿಂದ ಗುಮಾಸ್ತನ ಉಚ್ಚಾರವು ಶಾಸನದ ಉಚ್ಚಾರವೆಂದು ಮೆರೆಯುತ್ತದೆ.

ನಕ್ಷೆಯು ಹೇಳುವುದಕ್ಕಿಂತ ಹೇಳದೆ ಬಿಡುವುದನ್ನು ಓದುವುದು ಇನ್ನೂ ಕಠಿಣ. ರೈಲು ನಕ್ಷೆಯು ಹಳಿಯ ಇಕ್ಕೆಲದ ಊರುಗಳನ್ನು ಎತ್ತಿ ತೋರಿಸಿ, ಉಳಿದ ನೆಲವನ್ನು ಬಹುಮಟ್ಟಿಗೆ ಬಿಳಿಯಾಗಿ ಬಿಡುತ್ತದೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಆದ್ದರಿಂದ ಹತ್ತೊಂಬತ್ತನೆಯ ಶತಮಾನದ ರೈಲು ನಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಒಂದು ಹಳಿಯೂ ಇಲ್ಲ. ಅದೇ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು 1894ರಲ್ಲಿ ಕಿಟೆಲರ ಕನ್ನಡ ನಿಘಂಟನ್ನು ಹೊರತಂದಿತು. ಆ ಕರಾವಳಿಗೆ ಕಡಲೇ ಹೆದ್ದಾರಿಯಾಗಿತ್ತು. ರೈಲು ನಕ್ಷೆಯ ಕಣ್ಣಿಗೆ ಬಿದ್ದದ್ದು ಹಳಿ ಮಾತ್ರ.

ಅಲ್ಲಿಂದ ತುಸು ಒಳಗೆ ಮೂಡಬಿದಿರೆಯಿದೆ. ಧವಲಾ, ಜಯಧವಲಾ ಮತ್ತು ಮಹಾಧವಲಾ ಎಂಬ ಸಿದ್ಧಾಂತಗ್ರಂಥಗಳ ಓಲೆಗರಿ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಉಳಿದುಬಂದದ್ದು ಅಲ್ಲಿನ ಬಸದಿಯಲ್ಲಿ. ಅವುಗಳ ಪ್ರತಿ ಮಾಡಿಸುವ ಕೆಲಸ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೊದಲಾಯಿತು. ಅದಕ್ಕಾಗಿ ಶ್ರಮಿಸಿದವರಲ್ಲಿ ಮುಂಬಯಿಯ ಮಾಣಿಕಚಂದ್ ಮತ್ತು ಸೊಲ್ಲಾಪುರದ ಹೀರಾಚಂದ್ ನೇಮಚಂದರು ಪ್ರಮುಖರು. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಮರಾವತಿಯಿಂದ 1939ರಲ್ಲಿ ಬೆಳಕು ಕಂಡಿತು. ಗ್ರಂಥವನ್ನು ಅಪೇಕ್ಷಿಸಿದವರು ಹಳಿಯ ಮೇಲಿನ ನಗರಗಳವರು. ಗ್ರಂಥವಿದ್ದದ್ದು ನಕ್ಷೆಯ ಬಿಳಿಯ ಜಾಗದಲ್ಲಿ. ಹಳಿಯಿಂದ ದೂರವಿದ್ದುದರಿಂದಲೇ ಗ್ರಂಥಗಳು ಉಳಿದವೆಂದು ತೀರ್ಮಾನಿಸುವುದು ಅವಸರವಾದೀತು. ಅವು ಅದಕ್ಕಿಂತ ಬಹಳ ಹಿಂದಿನಿಂದ, ಬೇರೆಯ ಕಾರಣಗಳಿಂದ, ಶ್ರದ್ಧೆಯ ಕಾವಲಿನಲ್ಲಿ ಉಳಿದಿದ್ದವು. ಇಲ್ಲಿ ಸಿದ್ಧವಾಗುವುದು ಇಷ್ಟೇ: ರೈಲು ನಕ್ಷೆಯ ಬರಿದು ನೆಲವು ವಿದ್ಯೆಯ ಬರಿದು ನೆಲವಲ್ಲ.

ಹಳಿಯ ಮೇಲಿದ್ದ ಊರು ಬೆಳಕಿಗೆ ಬಂದೇ ತೀರಬೇಕೆಂಬ ನಿಯಮವೂ ಇಲ್ಲ. ಹೊಸಪೇಟೆ–ಗದಗ ಮಾರ್ಗದಲ್ಲಿ ಕೊಪ್ಪಳದ ಪಕ್ಕದಲ್ಲಿಯೇ ದಶಕಗಳ ಕಾಲ ರೈಲು ಹಾದುಹೋಯಿತು; ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಶಾಸನಗಳು ವಿದ್ವಾಂಸರ ಗಮನಕ್ಕೆ ಬಂದದ್ದು 1931ರಲ್ಲಿ. ಇದಕ್ಕೆ ವಿರುದ್ಧವಾಗಿ ಬಿ. ಎಲ್. ರೈಸರು ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿಯೇ ಪ್ರಕಟಿಸಿದರು. ಬೆಂಗಳೂರಿನಿಂದ ಹಾಸನಕ್ಕೆ ನೇರ ರೈಲುಮಾರ್ಗ ಪೂರ್ಣವಾದದ್ದು 2017ರಲ್ಲಿ. ರಾಷ್ಟ್ರಕೂಟರ ರಾಜಧಾನಿಯಾಗಿ ನೃಪತುಂಗನ ಆಸ್ಥಾನವನ್ನು ಹೊತ್ತಿದ್ದ ಮಾನ್ಯಖೇಟದ ಪಾಡು ಇನ್ನೂ ವಿಚಿತ್ರ. ವಾಡಿ–ಸಿಕಂದರಾಬಾದು ಮಾರ್ಗದ ಅಲ್ಲಿನ ನಿಲ್ದಾಣದ ಹೆಸರು ಇಂದಿಗೂ ‘ಮಳಖೇಡ್ ರೋಡ್’. ರೈಲ್ವೆಯ ಪರಿಭಾಷೆಯಲ್ಲಿ ‘ರೋಡ್’ ಎಂದರೆ ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಇಲ್ಲಿದೆ ಎಂದು ಅರ್ಥ. ದಿಲವಾಡಾ ಬಸದಿಗಳಿಗೆ ಹೋಗುವ ಯಾತ್ರಿಕರು ಇಳಿಯುವ ‘ಆಬೂ ರೋಡ್’ ಕೂಡ ಅಂತಹುದೇ. ರೈಲು ನಕ್ಷೆಯ ಚುಕ್ಕೆಯನ್ನೇ ರಾಜಧಾನಿಯ ನೆಲೆಯೆಂದು ತಿಳಿದು ದೂರ ಅಳೆಯುವವನು ಮಾನ್ಯಖೇಟವನ್ನು ಬಿಟ್ಟು ನಿಲ್ದಾಣವನ್ನು ಅಳೆದಿರುತ್ತಾನೆ.

ಇಷ್ಟೆಲ್ಲ ಎಚ್ಚರ ಬೇಕಾಗುವ ಸಾಮಗ್ರಿಯನ್ನು ಸಾಹಿತ್ಯದ ವಿದ್ಯಾರ್ಥಿಯು ಮುಟ್ಟದಿರುವುದೇ ಲೇಸೆಂದು ವಾದಿಸಬಹುದು. ಭೂಪಟ ಭೂಗೋಳದವರಿಗೆ, ಹಳಿ ಅರ್ಥಶಾಸ್ತ್ರದವರಿಗೆ, ಕಾವ್ಯ ಸಾಹಿತ್ಯದವರಿಗೆ ಎಂಬ ಹಂಚಿಕೆ ನೋಡಲು ಚೊಕ್ಕಟವಾಗಿದೆ. ಆದರೆ ಮುಟ್ಟದಿರುವ ಆಯ್ಕೆ ಆ ವಿದ್ಯಾರ್ಥಿಗೆ ಇಲ್ಲವೇ ಇಲ್ಲ. ಆ ನಕ್ಷೆಗಳು ಅವನ ಶಾಸ್ತ್ರದ ಅಡಿಪಾಯದಲ್ಲಿಯೇ ಕುಳಿತಿವೆ. ಚಾಲುಕ್ಯ, ರಾಷ್ಟ್ರಕೂಟರ ಚರಿತ್ರೆಯನ್ನು ಶಾಸನಾಧಾರದಿಂದ ಕಟ್ಟಿದ ಫ್ಲೀಟರ 1882ರ ಗ್ರಂಥದ ಹೆಸರೇ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳು ಎಂದು. ನರ್ಮದೆಯವರೆಗೆ ಕೈಚಾಚಿದ ಅರಸರಿಗೆ ಕಲೆಕ್ಟರನ ಕಚೇರಿಯ ಸರಹದ್ದು ತಲೆಬರಹವಾಯಿತು. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ರೈಸರು ಶಾಸನಗಳನ್ನು ಜೋಡಿಸಿದ್ದು ಅಂದಿನ ಮೈಸೂರಿನ ಜಿಲ್ಲೆ, ತಾಲ್ಲೂಕುಗಳ ಪ್ರಕಾರ. ತಾಲ್ಲೂಕಿನ ಹೆಸರು, ಮುಂದೆ ಒಂದು ಸಂಖ್ಯೆ ಎಂದು ಇಂದಿಗೂ ಕೊಡುವ ಉಲ್ಲೇಖವು ಹತ್ತೊಂಬತ್ತನೆಯ ಶತಮಾನದ ನಕ್ಷೆಯ ಮೇಲೆ ನಿಂತ ಉಲ್ಲೇಖ. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ದಾವಣಗೆರೆಯ ಶಾಸನಗಳನ್ನು ಆ ಸಂಪುಟಗಳಲ್ಲಿ ಚಿತ್ರದುರ್ಗದಲ್ಲಿ ಹುಡುಕಬೇಕು. ಹಾಗಿರುವಾಗ, ಹಳೆಯ ನಕ್ಷೆಯನ್ನು ತಿಳಿದು ಬಳಸುವುದೋ ತಿಳಿಯದೆ ಬಳಸುವುದೋ ಎಂಬುದಷ್ಟೇ ಉಳಿದಿರುವ ಪ್ರಶ್ನೆ.

ಇವು ವಸಾಹತು ಆಡಳಿತದ ಉಪಕರಣಗಳು, ಆದ್ದರಿಂದ ಅಪ್ರಮಾಣವೆಂಬುದು ಇನ್ನೊಂದು ಆಕ್ಷೇಪ. ಉಪಕರಣಗಳೆಂಬುದು ನಿಜ. ಧಾರವಾಡದ ಹತ್ತಿಯನ್ನು ಬಂದರಿಗೆ ಸಾಗಿಸುವುದು, ದಂಡನ್ನು ಬೇಗ ಕಳುಹಿಸುವುದು, ಕ್ಷಾಮದ ಸೀಮೆಗೆ ಧಾನ್ಯ ತಲುಪಿಸುವುದು ಎಂಬ ಉದ್ದೇಶಗಳು ಹಳಿಗಳಿಗೂ ಹಳಿಗಳ ನಕ್ಷೆಗಳಿಗೂ ಇದ್ದವು. ಬ್ರಿಟಿಷ್ ಪ್ರದೇಶಕ್ಕೆ ಗುಲಾಬಿಯನ್ನೋ ಕೆಂಪನ್ನೋ, ಸಂಸ್ಥಾನಗಳಿಗೆ ಹಳದಿಯನ್ನೋ ಬಳಿಯುವ ವಾಡಿಕೆಯ ಬಣ್ಣವೂ ಒಂದು ಹೇಳಿಕೆಯೇ. ಆದರೆ ಉದ್ದೇಶವಿರುವ ದಾಖಲೆಯನ್ನು ಓದುವ ವಿದ್ಯೆ ಕನ್ನಡ ಸಂಶೋಧನೆಗೆ ಹೊಸತಲ್ಲ. ಶಾಸನದ ಪ್ರಶಸ್ತಿಭಾಗವನ್ನು ಬರೆಸಿದವನು ದಾನಿ ಅಥವಾ ಅರಸ. ಅಲ್ಲಿನ ದಿಗ್ವಿಜಯಗಳನ್ನು ಅಕ್ಷರಶಃ ನಂಬುವವರಿಲ್ಲ, ಹಾಗೆಂದು ಶಾಸನವನ್ನೇ ಎಸೆಯುವವರೂ ಇಲ್ಲ. ಯಾರು, ಯಾರಿಗಾಗಿ, ಏನನ್ನು ಹಿಗ್ಗಿಸಿ ಹೇಳಿದರೆಂದು ತಿಳಿದ ಮೇಲೆ ಸಾಕ್ಷಿಯ ಬೆಲೆ ಖಚಿತವಾಗುತ್ತದೆ. ತನ್ನ ಮಾರ್ಗವನ್ನು ದಪ್ಪಗೆರೆಯಲ್ಲಿ ಎಳೆದು ಪ್ರತಿಸ್ಪರ್ಧಿಯದನ್ನು ಎಳೆಯಷ್ಟು ತೆಳ್ಳಗೆ ತೋರಿಸುವ ರೈಲ್ವೆ ಕಂಪನಿಯ ನಕ್ಷೆಯೂ ಒಂದು ಪ್ರಶಸ್ತಿಯೇ.

ಈ ಚರ್ಚೆಗೆ ತುರ್ತು ಬಂದಿರುವುದು ಸಾಮಗ್ರಿಯೇ ಕೈಬಿಟ್ಟುಹೋಗುತ್ತಿರುವುದರಿಂದ. ಹಳೆಯ ಅಟ್ಲಾಸುಗಳನ್ನು ಬಿಚ್ಚಿ ಹಾಳೆಹಾಳೆಯಾಗಿ ಮಾರುವುದು ಪುರಾತನ ವಸ್ತುಗಳ ವ್ಯಾಪಾರದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಚೌಕಟ್ಟು ಕಟ್ಟಿಸಿಕೊಂಡ ಹಾಳೆಗೆ ಬೆಲೆ ಬರುತ್ತದೆ. ಮುಖಪುಟ, ಮುನ್ನುಡಿ, ಊರುಗಳ ಅಕಾರಾದಿ ಸೂಚಿಗಳಿಗೆ ಗಿರಾಕಿಯಿಲ್ಲ. ಲಿಪಿಕಾರನ ಹೆಸರು, ಸಂವತ್ಸರ, ಮಾತೃಕೆಯ ವಿವರಗಳಿದ್ದ ಕೊನೆಯ ಗರಿಯನ್ನು ಕಳೆದುಕೊಂಡ ಓಲೆಗರಿಯ ಕಟ್ಟಿಗೂ ಇಂತಹ ಹಾಳೆಗೂ ಭೇದವಿಲ್ಲ. ಗ್ಯಾಸೆಟಿಯರುಗಳ ಒಳಗಿನ ಮಡಿಕೆ ನಕ್ಷೆಗಳದು ಇನ್ನೊಂದು ಕಥೆ. ಪುಸ್ತಕವನ್ನು ಗಣಕಕ್ಕೆ ಇಳಿಸುವಾಗ ಮಡಿಕೆಯನ್ನು ಬಿಡಿಸದೆಯೇ ಛಾಯಾಪ್ರತಿ ತೆಗೆದ ಉದಾಹರಣೆಗಳು ಹೇರಳವಾಗಿವೆ. ತೆರೆಯ ಮೇಲೆ ಕಾಣುವುದು ಕಾಗದದ ಬೆನ್ನು ಮಾತ್ರ. ಪಠ್ಯ ದೊರೆಯಿತೆಂದು ಸಮಾಧಾನಗೊಂಡ ಗ್ರಂಥಾಲಯವು ಮೂಲಪ್ರತಿಯನ್ನು ತೆಗೆದುಹಾಕಿದರೆ ನಕ್ಷೆಯು ಎರಡು ಕಡೆಯಿಂದಲೂ ನಷ್ಟವಾಗುತ್ತದೆ.

ಮಾಡಬೇಕಾದದ್ದು ಅಸಾಧ್ಯವಾದುದೇನಲ್ಲ. ಗ್ರಂಥಸಂಪಾದನಾಶಾಸ್ತ್ರವನ್ನು ಬೋಧಿಸುವ ತರಗತಿಗಳಲ್ಲಿ ಓಲೆಗರಿಯ ಒಂದು ಕಟ್ಟಿನ ಜೊತೆಗೆ ಹಳೆಯ ನಕ್ಷೆಯ ಒಂದು ಹಾಳೆಯನ್ನೂ ಇಟ್ಟು, ಅದರ ಪದರಗಳನ್ನು ಬಿಡಿಸಿ ಕಾಲವನ್ನು ನಿರ್ಣಯಿಸುವ ಅಭ್ಯಾಸ ಮಾಡಿಸಬಹುದು. ಗ್ರಂಥಾಲಯಗಳು ಸಂಪುಟದೊಳಗಿನ ಪ್ರತಿಯೊಂದು ನಕ್ಷೆಗೂ ಸೂಚಿಯಲ್ಲಿ ಪ್ರತ್ಯೇಕ ನಮೂದು ಕೊಡಬೇಕು. ಗಣಕೀಕರಣದ ಗುತ್ತಿಗೆಯಲ್ಲಿ ಮಡಿಕೆ ಬಿಡಿಸುವುದನ್ನು ಷರತ್ತಾಗಿ ಬರೆಯಬೇಕು. ಪಿಎಚ್‌.ಡಿ. ಪ್ರಬಂಧಗಳ ಕೊನೆಯಲ್ಲಿ ಆಧಾರವಿಲ್ಲದ ಒಂದು ನಕ್ಷೆಯನ್ನು ಅಂಟಿಸಿ, ಅದರ ಮೇಲೆ ಹತ್ತನೆಯ ಶತಮಾನದ ನಾಡುಗಳನ್ನು ಬಣ್ಣದಿಂದ ಗುರುತಿಸುವ ಅಭ್ಯಾಸ ನಿಲ್ಲಬೇಕು. ಪಂಪನ ಒಂದು ಪದ್ಯವನ್ನು ಉದ್ಧರಿಸುವಾಗ ಆಶ್ವಾಸ, ಪದ್ಯಸಂಖ್ಯೆ, ಆವೃತ್ತಿಗಳನ್ನು ಕೇಳುವ ಪರೀಕ್ಷಕರು ನಕ್ಷೆಯ ಕೆಳಗೂ ಮೂರು ಸಾಲುಗಳನ್ನು ಕೇಳಲಿ: ಮೋಜಣಿಯಾದದ್ದು ಯಾವಾಗ, ಹಳಿಗಳನ್ನು ಸೇರಿಸಿದ್ದು ಯಾವಾಗ, ಅಚ್ಚಾದದ್ದು ಯಾವಾಗ.